ಮನೆಯ ಕಾರು ಹರಾಜಿಗೆ ಬಂದಾಗ

ಇವತ್ತು ನಿಮಗೆ ಒಂದು ಕಾರಿನ ಚರಿತ್ರೆ ಹೇಳಬೇಕೆಂದಿದ್ದೇನೆ. ಶಾಸನ, ರಾಜಮನೆತನ, ಹಳಗನ್ನಡ ಎಲ್ಲ ಬಿಟ್ಟು ಇವರು ಗ್ಯಾರೇಜಿಗೆ ಯಾಕೆ ಹೊಕ್ಕರು ಅಂತ ನಿಮಗೆ ಅನ್ನಿಸಬಹುದು. ಒಂದು ವಸ್ತು ಒಂದೇ ಮನೆಯಲ್ಲಿ ನಲವತ್ತೈದು ವರ್ಷ ಇದ್ದು ಕೊನೆಗೊಂದು ದಿನ ಮಾರಾಟವಾದರೆ, ಅದರೊಳಗೆ ಆ ಮನೆಯ ಕಥೆಯೂ ಇರುತ್ತದೆ, ಒಂದು ಕಾಲದ ಕಥೆಯೂ ಇರುತ್ತದೆ. ಈ ಮಾತಿಗೆ ಅದೇ ಕಾರಣ.

2020ರ ಜನವರಿ 10ರಂದು ಫ್ಲೋರಿಡಾದ ಕಿಸಿಮ್ಮಿ ಎಂಬ ಊರಿನಲ್ಲಿ ಮೀಕಮ್ ಕಂಪನಿಯ ಹರಾಜು ನಡೆಯಿತು. 1968ರ ಕಡುಹಸಿರು ಬಣ್ಣದ ಒಂದು ಫೋರ್ಡ್ ಮಸ್ಟಂಗ್ ಕಾರು ಅಲ್ಲಿ 34 ಲಕ್ಷ ಡಾಲರಿಗೆ ಹೋಯಿತು. ಹರಾಜಿನ ಶುಲ್ಕವೂ ಸೇರಿದರೆ 37 ಲಕ್ಷ 40 ಸಾವಿರ ಡಾಲರ್. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಮಸ್ಟಂಗಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಹಾಗಂತ ಅದೇನು ಫಳಫಳ ಹೊಳೆಯುವ ಕಾರಲ್ಲ. ಬಣ್ಣ ಮಾಸಿತ್ತು, ಮೈಮೇಲೆ ಕಲೆಗಳಿದ್ದವು. ಮಾರಿದವರು ಕೀರ್ನನ್ ಎಂಬ ಕುಟುಂಬದವರು. ಆ ಮನೆಯ ಯಜಮಾನರು 1974ರಲ್ಲಿ ಒಂದು ಪತ್ರಿಕೆಯ ಜಾಹೀರಾತು ನೋಡಿ, 6,000 ಡಾಲರು ಕೊಟ್ಟು ಅದನ್ನು ಕೊಂಡಿದ್ದರು.

ಆರು ಸಾವಿರ ಹೇಗೆ ಮೂವತ್ತೇಳು ಲಕ್ಷವಾಯಿತು? ಇದಕ್ಕೆ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಮಸಲ್ ಕಾರು ಅಂದರೆ, ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ, ಸಾಮಾನ್ಯ ಸಂಬಳದವರ ಕೈಗೆಟಕುವ ಬೆಲೆಗೆ ಮಾರಿದ ಗಾಡಿ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಕಾರಿನಿಂದ ಈ ಕಾಲ ಶುರುವಾಯಿತು ಎಂದು ಬಹುತೇಕರು ಹೇಳುತ್ತಾರೆ. ಆಗ ಜನರಲ್ ಮೋಟಾರ್ಸ್‌ನಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ನಿಯಮವಿತ್ತು. ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಒಂದು ಉಪಾಯ ಹೂಡಿದರು. 389 ಘನ ಅಂಗುಲದ ಎಂಜಿನ್ನನ್ನು ಹೊಸ ಮಾದರಿ ಅನ್ನದೆ, ಇದ್ದ ಕಾರಿಗೇ ಬೇಕಾದವರು ಹಾಕಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಾನು ಎಂದು ತೋರಿಸಿದರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರು ಖರ್ಚಾದವು. ಅದೇ ವರ್ಷದ ಏಪ್ರಿಲ್ 17ರಂದು ಫೋರ್ಡ್ ಕಂಪನಿ ಮಸ್ಟಂಗನ್ನು ಬಿಡುಗಡೆ ಮಾಡಿತು. ಲೆಕ್ಕ ಹಿಡಿದು ಮಾತಾಡುವವರು ಮಸ್ಟಂಗನ್ನು ಪೋನಿ ಕಾರ್ ಎಂಬ ಬೇರೆ ಪಂಗಡಕ್ಕೆ ಸೇರಿಸುತ್ತಾರೆ. ಆದರೆ 390 ಘನ ಅಂಗುಲದ ಎಂಜಿನ್ ಹೊತ್ತ ಮಸ್ಟಂಗ್ ಜಿಟಿಯನ್ನು ಮಸಲ್ ಕಾರು ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. 390 ಘನ ಅಂಗುಲ ಅಂದರೆ ಸುಮಾರು 6.4 ಲೀಟರ್. ಆ ಕಾಲದಲ್ಲಿ ನಮ್ಮ ಊರುಗಳ ರಸ್ತೆಗಳನ್ನು ಆಳುತ್ತಿದ್ದ ಅಂಬಾಸಿಡರ್ ಕಾರಿನ ಎಂಜಿನ್ ಒಂದೂವರೆ ಲೀಟರಿನದು. ನಾಲ್ಕು ಅಂಬಾಸಿಡರ್ ಎಂಜಿನ್ನುಗಳನ್ನು ಒಂದೇ ಕಾರಿಗೆ ಕಟ್ಟಿದ ಹಾಗೆ ಎಂದುಕೊಳ್ಳಿ.

1968ರಲ್ಲಿ 'ಬುಲಿಟ್' ಸಿನಿಮಾ ಬಂತು. ಪೀಟರ್ ಯೇಟ್ಸ್ ನಿರ್ದೇಶನ, ಸ್ಟೀವ್ ಮೆಕ್ವೀನ್ ನಾಯಕ. ಸ್ಯಾನ್ ಫ್ರಾನ್ಸಿಸ್ಕೋದ ಏರು-ಇಳಿಜಾರು ಬೀದಿಗಳಲ್ಲಿ ಹಸಿರು ಮಸ್ಟಂಗೊಂದು ಕಪ್ಪು ಡಾಡ್ಜ್ ಚಾರ್ಜರನ್ನು ಅಟ್ಟಿಸಿಕೊಂಡು ಹೋಗುವ ಸುಮಾರು ಹನ್ನೊಂದು ನಿಮಿಷದ ದೃಶ್ಯ ಆ ಚಿತ್ರದ ಜೀವಾಳ. ಸಂಕಲನಕ್ಕೆ ಆಸ್ಕರ್ ಕೂಡ ಬಂತು. ಚಿತ್ರೀಕರಣಕ್ಕೆ ಬಳಸಿದ್ದು ಅಕ್ಕಪಕ್ಕದ ಚಾಸಿ ನಂಬರಿನ ಎರಡು ಮಸ್ಟಂಗುಗಳನ್ನು. ಒಂದು ಹಾರಿ ಬೀಳುವ ಸಾಹಸಗಳಿಗೆ, ಇನ್ನೊಂದು ನಾಯಕ ಕುಳಿತಿದ್ದು ಕಾಣುವ ದೃಶ್ಯಗಳಿಗೆ. ಈ ಎರಡನೆಯದು ಒಂದೆರಡು ಕೈ ಬದಲಾಗಿ ಕೀರ್ನನ್ ಮನೆಗೆ ಬಂತು.

ಬಂದ ಕಾಲ ನೋಡಿ. 1970ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದಿತ್ತು. ಇಂಥ ಕಾರು ಓಡಿಸುವ ಹುಡುಗರಿಗೆ ವಿಮಾ ಕಂಪನಿಗಳು ಕಂತು ಏರಿಸಿದ್ದವು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದವು. ಬಂಕುಗಳ ಮುಂದೆ ಸಾಲು ಬೆಳೆಯಿತು. 1974ರ ಹೊಸ ಮಸ್ಟಂಗಿನಲ್ಲಿ ಎಂಟು ಸಿಲಿಂಡರಿನ ಎಂಜಿನ್ ಬೇಕೆಂದರೂ ಸಿಗುತ್ತಿರಲಿಲ್ಲ. ಪೆಟ್ರೋಲ್ ಕುಡಿಯುವ ಹಳೆಯ ಮಸಲ್ ಕಾರುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಬಿದ್ದಿದ್ದವು. ಅಂಥ ಹೊತ್ತಿನಲ್ಲಿ ಆರು ವರ್ಷದ ಹಳೆಯ ಕಾರಿಗೆ 6,000 ಡಾಲರು ಕೊಡುವುದೆಂದರೆ ಲಾಭದ ಲೆಕ್ಕ ಹಾಕಿ ಮಾಡಿದ ಕೆಲಸ ಆಗಿರಲಾರದು.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇನ್ನು ಬರುತ್ತದೆ. ಸಿನಿಮಾದ ಆ ಕಾರನ್ನು ಅವರು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಮನೆಯೊಡತಿ ಶಾಲಾ ಶಿಕ್ಷಕಿ. ದಿನಾ ಅದರಲ್ಲೇ ಪಾಠ ಹೇಳಲು ಹೋಗುತ್ತಿದ್ದರು. 1977ರ ಡಿಸೆಂಬರಿನಲ್ಲಿ ಸ್ವತಃ ಸ್ಟೀವ್ ಮೆಕ್ವೀನ್ ಪತ್ರ ಬರೆದರು. ಆ ಕಾರನ್ನು ತನಗೆ ವಾಪಸು ಕೊಡಬೇಕು, ಸಿನಿಮಾದಲ್ಲಿ ಇದ್ದ ಸ್ಥಿತಿಯಲ್ಲೇ ತಮ್ಮ ಕುಟುಂಬದಲ್ಲಿ ಇಟ್ಟುಕೊಳ್ಳುವ ಆಸೆ, ಹೆಚ್ಚು ಖರ್ಚಿಲ್ಲದಿದ್ದರೆ ಬದಲಿಗೆ ಇನ್ನೊಂದು ಮಸ್ಟಂಗ್ ಕೊಡಿಸುತ್ತೇನೆ ಎಂಬುದು ಅದರ ಸಾರಾಂಶ. ಕೀರ್ನನ್ನರು ಕೊಡಲಿಲ್ಲ. ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಕುಟುಂಬದಲ್ಲಿ ಇಟ್ಟುಕೊಳ್ಳಬೇಕು ಎಂಬ ಆಸೆ ಎರಡೂ ಕಡೆಗಿತ್ತು. ಗೆದ್ದದ್ದು ಅದನ್ನು ದಿನಾ ಓಡಿಸುತ್ತಿದ್ದ ಮನೆ.

1980ರಲ್ಲಿ ಕ್ಲಚ್ ಕೆಟ್ಟಿತು, ಕಾರು ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ಮೆಕ್ವೀನ್ ತೀರಿಕೊಂಡರು. ಆಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಅದು ಹೊರಗೆ ಕಾಣಲಿಲ್ಲ. ಕುಟುಂಬ ನ್ಯೂಜೆರ್ಸಿಯಿಂದ ಹೊರಟು ಊರು ಬದಲಾಯಿಸುತ್ತಾ ಟೆನೆಸ್ಸಿ ಸೇರಿತು. ಕಾರೂ ಹಿಂದೆಯೇ ಹೋಯಿತು. ಅಪ್ಪನಿಗೂ ಮಗನಿಗೂ ಅದನ್ನು ಮತ್ತೆ ಓಡಿಸುವ ಕನಸಿತ್ತು. ಅಷ್ಟರಲ್ಲಿ ಅಪ್ಪನಿಗೆ ಪಾರ್ಕಿನ್‌ಸನ್ ಕಾಯಿಲೆ ಬಂತು. 2014ರಲ್ಲಿ ಅವರು ಹೋದ ಮೇಲೆ ಮಗ ಕಾರನ್ನು ಎಬ್ಬಿಸಿದರು. ಚಾಸಿ ನಂಬರು, ಹಳೆಯ ದಾಖಲೆ, ಚಿತ್ರೀಕರಣಕ್ಕೆ ಕ್ಯಾಮೆರಾ ಕಟ್ಟಲು ಮಾಡಿದ್ದ ಜೋಡಣೆಯ ಗುರುತು, ಮೆಕ್ವೀನರ ಪತ್ರ ಇವೆಲ್ಲ ಸೇರಿ ಇದೇ ಆ ಕಾರು ಎಂದು ಸಾಬೀತಾಯಿತು. 2018ರ ಜನವರಿಯಲ್ಲಿ, ಚಿತ್ರಕ್ಕೆ ಐವತ್ತು ತುಂಬಿದ ವರ್ಷ, ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ಅದು ಲೋಕದ ಮುಂದೆ ಬಂತು. ದೇಶದ ಐತಿಹಾಸಿಕ ವಾಹನಗಳ ಪಟ್ಟಿಯಲ್ಲಿ 21ನೆಯದಾಗಿ ಸೇರಿತು. ಇದರ ಜೋಡಿ ಕಾರಿನ ಗತಿ ಬೇರೆ. ಸಾಹಸಕ್ಕೆ ಬಳಸಿದ ಅದು ಮೆಕ್ಸಿಕೋದ ಬಾಜಾ ಕ್ಯಾಲಿಫೋರ್ನಿಯಾದಲ್ಲಿ ಹಾಳುಬಿದ್ದ ಸ್ಥಿತಿಯಲ್ಲಿ ಸಿಕ್ಕ ಸುದ್ದಿ 2017ರಲ್ಲಿ ಹೊರಬಿತ್ತು. ಒಂದೇ ಕಾರ್ಖಾನೆ, ಒಂದೇ ಸಿನಿಮಾ. ಒಂದಕ್ಕೆ ಮನೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಇಷ್ಟು ಪ್ರೀತಿಯಿಂದ ಇಟ್ಟುಕೊಂಡವರು ಮಾರಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ನನಗನ್ನಿಸುವುದು ಹೀಗೆ. ಮನೆಯ ವಸ್ತುವಿಗೆ ಮೂರು ಅವಸ್ಥೆಗಳುಂಟು. ಮೊದಲು ಅದು ಉಪಯೋಗದ ಸಾಮಾನು. ಆಮೇಲೆ ನೆನಪು. ಕೊನೆಗೆ, ಎಲ್ಲೋ ಕೆಲವಕ್ಕೆ ಮಾತ್ರ, ಚರಿತ್ರೆ. ಸಾಮಾನಾಗಿದ್ದಾಗ ಅದನ್ನು ಶಾಲೆಯ ಮುಂದೆ ನಿಲ್ಲಿಸಬಹುದು. ನೆನಪಾದಾಗ ಕೊಟ್ಟಿಗೆಯಲ್ಲಿ ಮುಚ್ಚಿಡಬಹುದು. ಚರಿತ್ರೆಯಾದ ಮೇಲೆ ಅದಕ್ಕೆ ಕಾವಲು ಬೇಕು, ವಿಮೆ ಬೇಕು, ನೋಡಬಂದವರಿಗೆಲ್ಲ ಉತ್ತರ ಹೇಳಬೇಕು. ಆಗ ಮನೆಯವರೇ ಅದರ ಆಳುಗಳಾಗುತ್ತಾರೆ. ಆ ಹೊತ್ತಿನಲ್ಲಿ ಕೈಬಿಡುವುದು ದ್ರೋಹವಲ್ಲ, ಮಗಳನ್ನು ಒಳ್ಳೆಯ ಮನೆ ನೋಡಿ ಕೊಟ್ಟ ಹಾಗೆ. ಇನ್ನೊಂದು ಮಾತು. ಕೊಂಡವರು ತೆತ್ತ ಹಣ ಬರೀ ಕಬ್ಬಿಣಕ್ಕಲ್ಲ, ಸಿನಿಮಾಕ್ಕೆ ಮಾತ್ರವೂ ಅಲ್ಲ. ಹೊಸ ಬಣ್ಣ ಬಳಿಯದೆ, ಪತ್ರ ಎಸೆಯದೆ, ನಲವತ್ತೈದು ವರ್ಷ ಒಂದು ಸಂಸಾರ ತೋರಿದ ತಾಳ್ಮೆಗೂ ಆ ಬೆಲೆಯಲ್ಲಿ ಪಾಲಿದೆ.

ನಾವಿರುವ ಈ ಮಿಶಿಗನ್ನಿನಲ್ಲಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯ ಮೇಲೆ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ರಸ್ತೆ ಬದಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಅಜ್ಜಂದಿರನ್ನು ಮಾತಾಡಿಸಿ. ಎಷ್ಟೋ ಕಾರುಗಳ ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ ಇರುತ್ತದೆ. ಮಂಡಿನೋವಿಗೆ ಕ್ಲಚ್ ತುಳಿಯಲಾಗುವುದಿಲ್ಲ, ಮಕ್ಕಳು ದೂರದ ಊರಲ್ಲಿದ್ದಾರೆ, ಅವರಿಗೆ ಇದು ಬೇಡ ಎನ್ನುತ್ತಾರೆ. ಈ ಮಾತು ನಮಗೇನು ಹೊಸದಲ್ಲ. ಊರಿನ ಮನೆ, ಗದ್ದೆ, ತೋಟದ ಮಾತು ಫೋನಿನಲ್ಲಿ ಬಂದಾಗ ಆ ದೂರದ ಮಕ್ಕಳು ನಾವೇ ಆಗಿರುತ್ತೇವೆ.

ಎಲ್ಲರ ಮನೆಯ ವಸ್ತುವೂ ಲಕ್ಷಗಟ್ಟಲೆ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಕೀರ್ನನ್ನರು ಮಾಡಿದ ಒಂದು ಕೆಲಸ ಎಲ್ಲರೂ ಮಾಡಬಹುದು. ಕಾಗದಪತ್ರ ಎಸೆಯಬೇಡಿ. ಯಾವಾಗ ಕೊಂಡದ್ದು, ಎಷ್ಟಕ್ಕೆ, ಯಾರು ಓಡಿಸಿದರು, ಯಾವ ಮಗು ಅದರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂತು ಎಂದು ಹಿರಿಯರು ಇರುವಾಗಲೇ ಕೇಳಿ, ಬರೆದಿಡಿ. ಮಾರುವಾಗ ಒಂದು ಪ್ರತಿ ಕೊಂಡವರ ಕೈಗೆ ಕೊಡಿ, ಒಂದು ನಿಮ್ಮಲ್ಲಿರಲಿ. ಕಥೆ ಗೊತ್ತಿಲ್ಲದೆ ಮಾರಿದರೆ ಎರಡೂ ಹೋಗುತ್ತವೆ. ಬರೆದಿಟ್ಟು ಮಾರಿದರೆ ವಸ್ತು ಹೋದರೂ ಕಥೆ ಮನೆಯಲ್ಲಿ ಉಳಿಯುತ್ತದೆ.