ನಿಸಿಧಿ: ಪದದ ಅರ್ಥ ಮತ್ತು ಮೂಲ

ಸಲ್ಲೇಖನ ವ್ರತ ಸ್ವೀಕರಿಸಿ ಸಮಾಧಿಮರಣ ಹೊಂದಿದ ಮುನಿ, ಆರ್ಯಿಕೆ, ಶ್ರಾವಕ ಅಥವಾ ಶ್ರಾವಿಕೆಯ ನೆನಪಿಗೆ ನಿಲ್ಲಿಸಿದ ಕಲ್ಲು, ಕಂಬ ಇಲ್ಲವೇ ಮಂಟಪಕ್ಕೆ ನಿಸಿಧಿ ಎಂದು ಹೆಸರು. ಶಾಸನಗಳಲ್ಲಿ ನಿಸಿಧಿಗೆ, ನಿಸಿದಿಗೆ, ನಿಷಿಧಿ ಎಂಬ ರೂಪಗಳೂ ಇವೆ. ಇದು ದಹನ ನಡೆದ ಜಾಗದಲ್ಲೇ ಇರಬೇಕೆಂದಿಲ್ಲ. ಗಂಗ ದೊರೆ ಮಾರಸಿಂಹ 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ದೇಹ ಬಿಟ್ಟನು; ಅವನ ಸ್ಮಾರಕ ಶಾಸನವಿರುವುದು ದೂರದ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಕೂಗೆ ಬ್ರಹ್ಮದೇವರ ಕಂಬದ ಮೇಲೆ.

ಈಗ 'ನಿಷಿದ್ಧ' ಎಂಬ ಪದದ ಪ್ರಭಾವದಿಂದ ಕೆಲವರು ಇದನ್ನು ಅಶುಭದ ಕಲ್ಲು ಎಂದು ಭಾವಿಸುವುದುಂಟು. ಅದು ಸರಿಯಲ್ಲ. ಪದದ ಮೂಲ ಪ್ರಾಕೃತದ 'ನಿಸೀಹಿಯಾ'. ಅದರ ಹಿಂದಿರುವುದು ಕುಳಿತುಕೊಳ್ಳು ಎಂಬ ಅರ್ಥದ 'ನಿ-ಸದ್' ಧಾತು. ಸಂಸ್ಕೃತದ 'ನಿಷದ್ಯಾ' ಇದರದೇ ಬಳಗ. ಒಡಿಶಾದ ಹಾಥಿಗುಂಫಾದಲ್ಲಿರುವ ಖಾರವೇಲನ ಶಾಸನದಲ್ಲಿ 'ನಿಸೀದಿಯಾ' ಎಂಬ ರೂಪ ಬರುತ್ತದೆ. ಬಿಹಾರದ ನಾಗಾರ್ಜುನಿ ಗುಹೆಗಳಲ್ಲಿ ಮೌರ್ಯ ದಶರಥನ ಶಾಸನಗಳು ಆಜೀವಿಕರ ಮಳೆಗಾಲದ ವಾಸಕ್ಕೆ ಇದೇ ಪದವನ್ನು ಬಳಸಿವೆ. ಅಂದರೆ ಮೊದಲು ಅದು ಸಾಧಕರು ಕೂತು ನೆಲೆಸುವ ಜಾಗ. ಕೊನೆಯ ಆಸನ, ಅದರ ಗುರುತಿನ ಕಲ್ಲು ಎಂಬ ಅರ್ಥಗಳು ಬಳಿಕ ಬೆಳೆದವು.

ಬಸದಿಯೊಳಗೆ ಕಾಲಿಡುವಾಗ ಮೂರು ಸಲ ಹೇಳುವ 'ನಿಸ್ಸಹಿ'ಯೂ ಇದೇ ಕುಲದ್ದು. ಮೂಲಾಚಾರದಲ್ಲಿ ಮುನಿಗಳ ಹತ್ತು ಸಮಾಚಾರಗಳ ಪೈಕಿ ಪ್ರವೇಶದ ವೇಳೆಯದು 'ನಿಸೀಹಿ', ಹೊರಡುವಾಗಿನದು 'ಆಸಿಯಾ'. ಪಾಪಕ್ರಿಯೆಗಳ ನಿಷೇಧ ಎಂಬ ವಿವರಣೆ ಪರಂಪರೆಯಲ್ಲೇ ಇದೆ. ಆದರೆ ಅಲ್ಲಿ ತಡೆಯುವುದು ಪಾಪವನ್ನು, ಜನರನ್ನಲ್ಲ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕುಟುಂಬಗಳಿಗೆ ಈ ಪದ ತಿಳಿದಿರಬೇಕು. ಜೈನ ವಿದ್ಯೆಗೆ ಆಶ್ರಯವಾಗಿದ್ದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಈ ಸೀಮೆಗೆ ನೆರೆ. ಅಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ಊರ ಗುಡಿಯ ಕಟ್ಟೆಗೋ ಹೊಲದ ಬದುವಿಗೋ ಒರಗಿದ ಹಳೆಯ ಕಲ್ಲುಗಳನ್ನೆಲ್ಲ ವೀರಗಲ್ಲು ಎಂದುಬಿಡುವ ರೂಢಿಯಿದೆ. ವೀರಗಲ್ಲಿನಲ್ಲಿ ಕಾಳಗದ ಚಿತ್ರವಿರುತ್ತದೆ, ಮಾಸ್ತಿಕಲ್ಲಿನಲ್ಲಿ ಎತ್ತಿದ ತೋಳು. ನಿಸಿಧಿಯಲ್ಲಿ ಸಾಮಾನ್ಯವಾಗಿ ಮೇಲೆ ಜಿನಬಿಂಬ, ಕೆಳಗೆ ಎದುರುಬದುರಾಗಿ ಕುಳಿತ ಗುರು ಮತ್ತು ವ್ರತಿ, ನಡುವೆ ಗ್ರಂಥವಿಡುವ ಪೀಠ. ಅಕ್ಷರಗಳಿದ್ದರೆ ಎಣ್ಣೆ, ಸುಣ್ಣ ಹಚ್ಚಬಾರದು. ಓರೆ ಬೆಳಕಿನಲ್ಲಿ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಬಹುದು. ಸತ್ತವರ ಹೆಸರು, ಗುರುವಿನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಸಿಗುವುದು ಆ ಕೆಲವು ಸಾಲುಗಳಲ್ಲೇ.