ಕಾಲಿಗೆ ಕಟ್ಟಿದ ಮೊರ

ಮೊರಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಅಂಥವಳ ಎರಡೂ ಕಾಲಿಗೆ ಒಂದೊಂದು ಮೊರ ಕಟ್ಟಿ, “ಈಗ ನಡಿಯಮ್ಮ” ಎಂದಳು ಮಗಳು.

2015ರ ಫೆಬ್ರುವರಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆ ವರ್ಷ ವಿಪರೀತ ಹಿಮ. ಆಮ್‌ಹರ್ಸ್ಟ್‌ನ ಮಗಳ ಮನೆಯಲ್ಲಿ ಕಿಟಕಿ ನೋಡುತ್ತ ಕೂತು ಬೇಸತ್ತಿದ್ದ ನನ್ನನ್ನು ಹತ್ತಿರದ ಶುಗರ್‌ಲೋಫ್ ಗುಡ್ಡಕ್ಕೆ ಕರೆತಂದಿದ್ದರು. ಸಮುದ್ರಮಟ್ಟದಿಂದ 652 ಅಡಿ, ಅಷ್ಟೆ. ಹತ್ತುವ ಏರು ನಮ್ಮ ಶ್ರವಣಬೆಳಗೊಳದ ವಿಂಧ್ಯಗಿರಿಯಷ್ಟಿರಬಹುದು. ಚಳಿಗಾಲದಲ್ಲಿ ಮೇಲಕ್ಕೆ ಕಾರು ಬಿಡುವುದಿಲ್ಲ. ಸ್ನೋಶೂ ಕಟ್ಟಿಕೊಂಡು ನಡೆಯಬೇಕು.

ಸ್ನೋಶೂ ಇಲ್ಲದೆ ಒಂದು ಹೆಜ್ಜೆ ಇಟ್ಟು ನೋಡಿದೆ. ನಾಟಿ ಗದ್ದೆಯ ಕೆಸರಿಗೆ ಇಳಿದಂತೆ ಮೊಣಕಾಲವರೆಗೆ ಹೂತುಹೋದೆ. ಕಟ್ಟಿಕೊಂಡ ಮೇಲೆ ಮೈಭಾರ ಅಗಲಕ್ಕೆ ಹಂಚಿಹೋಗಿ, ಹಿಮ ನನ್ನನ್ನು ಹೊತ್ತುಕೊಂಡಿತು. ನನ್ನದು ಅಲ್ಯೂಮಿನಿಯಂ ಚೌಕಟ್ಟಿನದು. ಅಲ್ಲಿ ಇದನ್ನು ಮೊದಲು ರೂಢಿಸಿದವರು ಮೂಲನಿವಾಸಿಗಳು. ಅವರ ಅನೇಕ ಬುಡಕಟ್ಟುಗಳಲ್ಲಿ ಗಂಡಸರು ಮರದ ಪಟ್ಟಿ ಬಗ್ಗಿಸಿ ಚೌಕಟ್ಟು ಮಾಡಿದರೆ, ಹಸಿ ತೊಗಲನ್ನು ದಾರದಂತೆ ಸೀಳಿ ಬಲೆ ಹೆಣೆಯುತ್ತಿದ್ದವರು ಹೆಂಗಸರು. ಬೇಟೆಗೆ, ಪಯಣಕ್ಕೆ, ಕಾಳಗಕ್ಕೆ ಹೊರಟ ಗಂಡಸಿನ ಕಾಲಡಿ ಇದ್ದದ್ದು ಹೆಣ್ಣಿನ ನೇಯ್ಗೆ. ಚರಿತ್ರೆಯ ಪುಸ್ತಕಗಳಲ್ಲಿ ಕಾಳಗದ ತಾರೀಖು ಸಿಗುತ್ತದೆ, ನೇಯ್ದವಳ ಹೆಸರು ಸಿಗುವುದಿಲ್ಲ.

ಈ ಗುಡ್ಡಕ್ಕೂ ಅವರದೇ ಕಥೆಯಿದೆ. ಇಲ್ಲಿದ್ದ ಪೊಕಮ್‌ಟಕ್ ಜನರ ಪ್ರಕಾರ ಇದು ಗುಡ್ಡವಲ್ಲ, ಕಲ್ಲಾದ ದೈತ್ಯ ಬೀವರ್. ಹೊಳೆಗೆ ಒಡ್ಡು ಕಟ್ಟುವ ಆ ಪ್ರಾಣಿ ಜನರನ್ನು ಪೀಡಿಸುತ್ತಿತ್ತಂತೆ, ಅದಕ್ಕೇ ಹತವಾಯಿತಂತೆ.

ಉಸಿರು ಬಿಡುತ್ತ, ಕೂರುತ್ತ, ಏಳುತ್ತ ನೆತ್ತಿ ಮುಟ್ಟಿದೆ. ಕೆಳಗೆ ಕನೆಕ್ಟಿಕಟ್ ನದಿ ಬೆಳ್ಳಗೆ ಮಲಗಿತ್ತು. ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿ ಡೀರ್‌ಫೀಲ್ಡ್ ಎಂಬ ಹಳ್ಳಿ. ಹಿಂದಿನ ವಾರವಷ್ಟೇ ಅಲ್ಲಿಯ ಹಳೆಯ ಮನೆಗಳನ್ನು ನೋಡಿ ಬಂದಿದ್ದೆವು. ಅಲ್ಲಿ ಕೇಳಿದ್ದು ನನ್ನ ತಲೆಯಿಂದ ಹೋಗಿರಲಿಲ್ಲ.

ಆಗಿನ ಇಂಗ್ಲಿಷ್ ಪಂಚಾಂಗದಂತೆ 1704ರ ಫೆಬ್ರುವರಿ 29ರ ನಸುಕು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ. ಫ್ರೆಂಚರು ಮತ್ತು ಅವರ ಜೊತೆಗಿದ್ದ ಅಬೆನಾಕಿ, ಮೊಹಾಕ್ ಮುಂತಾದ ಜನ ಕೆನಡಾದಿಂದ ಸ್ನೋಶೂ ಕಟ್ಟಿ ಬಂದರು. ಹಳ್ಳಿಯ ಬೇಲಿಗೋಡೆಗೆ ಒರಗಿ ರಾಶಿಬಿದ್ದಿದ್ದ ಹಿಮವನ್ನೇ ಏಣಿ ಮಾಡಿಕೊಂಡು ಒಳಗಿಳಿದರು. ಸುಮಾರು ಐವತ್ತು ಜನ ಸತ್ತರು, 112 ಜನ ಸೆರೆಯಾಗಿ ಮುನ್ನೂರು ಮೈಲಿಯಷ್ಟು ಉತ್ತರಕ್ಕೆ ನಡೆದರು. ಬೆನ್ನಟ್ಟಿ ಬಿಡಿಸಿ ತರೋಣವೆಂದರೆ ಇಂಗ್ಲಿಷರ ಬಳಿ ಸ್ನೋಶೂ ಇರಲಿಲ್ಲ!

ಸೆರೆಯಾದವರಲ್ಲಿ ಪಾದ್ರಿ ಜಾನ್ ವಿಲಿಯಮ್ಸ್, ಹೆಂಡತಿ ಯೂನಿಸ್, ಅವರ ಮಕ್ಕಳು. ಆಕೆ ಆರು ವಾರದ ಬಾಣಂತಿ. ಎಳೆಗೂಸನ್ನು ಮನೆಯಲ್ಲೇ ಕೊಂದಿದ್ದರು. ಎರಡನೆಯ ದಿನ ಹೊಳೆ ದಾಟುವಾಗ ಆಕೆ ನೀರಿಗೆ ಬಿದ್ದಳು. ನಡೆಯಲಾರದವಳನ್ನು ಅಲ್ಲೇ ಮುಗಿಸಿದರು. ಆದರೆ ತಾಯಿಯದೇ ಹೆಸರಿನ ಏಳು ವರ್ಷದ ಮಗಳನ್ನು ದಾರಿಯುದ್ದಕ್ಕೂ ಹೊತ್ತು, ಅಕ್ಕರೆಯಿಂದ ನೋಡಿಕೊಂಡರೆಂದು ತಂದೆಯೇ ಬರೆದಿದ್ದಾನೆ. ಒಂದೇ ದಂಡಿನಲ್ಲಿ ಆ ಕೈಯೂ ಇತ್ತು, ಈ ಕೈಯೂ ಇತ್ತು.

ತೀರಿಹೋದವರ ಸ್ಥಾನಕ್ಕೆ ಸೆರೆಯಾಳುಗಳನ್ನು ಮಕ್ಕಳಾಗಿ ತುಂಬಿಕೊಳ್ಳುವುದು ಮೊಹಾಕರ ಪದ್ಧತಿ. ಕಾನವಾಕೆ ಊರಿನ ಒಂದು ಮನೆ ಈ ಹುಡುಗಿಯನ್ನು ತುಂಬಿಕೊಂಡಿತು. 1706ರಲ್ಲಿ ಬಿಡುಗಡೆಯಾದ ತಂದೆ ಮಗಳಿಲ್ಲದೆ ಮರಳಿದ. 1713ರಲ್ಲಿ ಆಕೆ ಮೊಹಾಕ್ ತರುಣನನ್ನು ಮದುವೆಯಾಗಿದ್ದಳು. ಕರೆಯಲು ಹೋದವರ ಜೊತೆ ಮಾತಾಡಲು ದುಭಾಷಿ ಬೇಕಾಯಿತು, ಇಂಗ್ಲಿಷ್ ಮರೆತೇಹೋಗಿತ್ತು. ಮರುವರ್ಷ ತಂದೆಯೇ ಹೋಗಿ ಬೇಡಿಕೊಂಡ. ಆಕೆ ಒಪ್ಪಲಿಲ್ಲ. 1740ರ ನಂತರ ಗಂಡನ ಜೊತೆ ತವರ ಸೀಮೆಗೆ ಕೆಲವು ಸಲ ಬಂದುಹೋದಳಾದರೂ ಉಳಿಯಲಿಲ್ಲ. 1785ರಲ್ಲಿ, 89ನೆಯ ವಯಸ್ಸಿನಲ್ಲಿ, ಕಾನವಾಕೆಯಲ್ಲೇ ತೀರಿಕೊಂಡಳು.

ಕೇಳಿದಾಗ ಹೊಳೆಯಲ್ಲಿ ಬಿದ್ದ ತಾಯಿಗಾಗಿ ಅತ್ತಿದ್ದೆ. ಗುಡ್ಡದ ಮೇಲೆ ಕೂತಾಗ ಮಾತ್ರ ಸಾಕಿದ ಆ ಇನ್ನೊಬ್ಬ ತಾಯಿ ನೆನಪಾದಳು. ಏಳು ವರ್ಷದ ಮಗು ಅವಳನ್ನು ಮೊದಲು ಏನೆಂದು ಕರೆದಿರಬಹುದು? ಯಾವ ರಾತ್ರಿಯಿಂದ ಅವಳ ಭಾಷೆಯಲ್ಲಿ ಕನಸು ಕಂಡಿರಬಹುದು?

ಇದನ್ನೆಲ್ಲ ಮೊಮ್ಮಗಳಿಗೆ ಹೇಳಹೊರಟೆ. ಅವಳಿಗೂ ಏಳೇ ವರ್ಷ. ನನ್ನ ಇಂಗ್ಲಿಷ್ ಅವಳಿಗೆ ನಗು, ಅವಳ ಇಂಗ್ಲಿಷ್ ನನಗೆ ಗಾಳಿಯ ವೇಗ. ಕನ್ನಡ ಅವಳಿಗೆ “ಅಜ್ಜಿ”, “ಸಾಕು”, “ಬೇಡ” ಇಷ್ಟರಲ್ಲೇ ಮುಗಿಯುತ್ತಿತ್ತು. ನಡುವೆ ನಿಂತು ಮಗಳು ಎರಡೂ ಕಡೆಗೆ ಹೇಳುತ್ತಿದ್ದಳು. ದುಭಾಷಿ ಎಂಬ ಮಾತು ಬಂದಾಗ ಅವಳೂ ನಾನೂ ಒಂದು ಗಳಿಗೆ ಸುಮ್ಮನಾದೆವು.

ಇಳಿಯುವಾಗ ನನ್ನ ಪಟ್ಟಿ ಸಡಿಲವಾಯಿತು. ಬಗ್ಗಲು ನನ್ನ ಸೊಂಟ ಒಪ್ಪದು. ಮೊಮ್ಮಗಳೇ ಹಿಮದಲ್ಲಿ ಮಂಡಿಯೂರಿ ಬಿಗಿದಳು. ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದಳು. ‘ನಿಮ್ಮ’ ಭಾಷೆ! ಹಿಮವೇ ಬೀಳದ ಊರಿನವಳು, ಏನು ಹೇಳಲಿ?

“ಮೊರ” ಎಂದೆ.

“ಮೋರ, ಮೋರ” ಎನ್ನುತ್ತ ಮುಂದೆ ಓಡಿದಳು. ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಿರುವು ದಾಟಿದ್ದಳು.