ಒಂದು ಮಾಹಿತಿಗೆ ಒಂದೇ ನೆಲೆ: ರಿಯಾಕ್ಟ್ ಪರದೆಗಳಲ್ಲಿ ‘ಸ್ಟೇಟ್’ ನಿರ್ವಹಣೆ

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್‌ಗಳ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಅಂಥ ಒಂದು ಬಾಕ್ಸ್‌ನ ದರ 2,000 ರೂಪಾಯಿಯ ಗಡಿಯನ್ನೂ ದಾಟಿತ್ತು. 2025ರ ಜೂನ್‌ನಲ್ಲಿ ಮಾವಿನ ಬೆಲೆ ಕುಸಿದಾಗ ಶ್ರೀನಿವಾಸಪುರ ಬಂದ್ ಆಚರಿಸಿತ್ತು. ದರದ ಏರಿಳಿತವೇ ಬದುಕಿನ ಏರಿಳಿತವಾಗಿರುವ ಈ ಸೀಮೆಯಲ್ಲಿ, ಮೊಬೈಲ್ ಪರದೆಯ ಮೇಲಿನ ಒಂದು ತಪ್ಪು ಅಂಕಿ ಬೆಳೆಗಾರನ ಒಂದು ಲೋಡಿನ ಲೆಕ್ಕವನ್ನೇ ಬುಡಮೇಲು ಮಾಡಬಲ್ಲದು.

ಇಂಥ ತಪ್ಪು ಮಾರುಕಟ್ಟೆಯಿಂದಲೇ ಬಂದಿರಬೇಕೆಂದೇನೂ ಇಲ್ಲ. ಸರ್ವರ್ ಕಳುಹಿಸಿದ ದರ ಸರಿಯಾಗಿದ್ದೂ ಪರದೆ ತಪ್ಪು ತೋರಿಸುವ ಸಂದರ್ಭಗಳುಂಟು. ಅದಕ್ಕೆ ಕಾರಣ ಪರದೆಯ ಸ್ವಂತ ನೆನಪು. ಜಾಲತಾಣ ನಿರ್ಮಾಣದ ಪರಿಭಾಷೆಯಲ್ಲಿ ಈ ನೆನಪಿಗೆ ‘ಸ್ಟೇಟ್’ ಎಂದು ಹೆಸರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ‘ರಿಯಾಕ್ಟ್’ ಲೈಬ್ರರಿಯಲ್ಲಿ ಇದರ ನಿರ್ವಹಣೆ ಹೇಗೆ ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಹಿನ್ನೆಲೆ

ಫೇಸ್‌ಬುಕ್ ಸಂಸ್ಥೆಯ ಎಂಜಿನಿಯರ್ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್, 2013ರ ಮೇ ತಿಂಗಳಿನಲ್ಲಿ ಮುಕ್ತ ತಂತ್ರಾಂಶವಾಗಿ ಲೋಕಾರ್ಪಣೆಗೊಂಡಿತು. ಪರದೆಯನ್ನು ‘ಕಾಂಪೊನೆಂಟ್’ ಎಂಬ ಸಣ್ಣ ಸಣ್ಣ ಘಟಕಗಳಾಗಿ ವಿಭಜಿಸುವುದು ಇದರ ಮೂಲ ತತ್ವ. ಮಾಹಿತಿ ಬದಲಾದರೆ ಪರದೆಯ ಯಾವ ಭಾಗವನ್ನು ತಿದ್ದಬೇಕೆಂದು ಪ್ರೋಗ್ರಾಮರ್ ಒಂದೊಂದಾಗಿ ಹೇಳಬೇಕಿಲ್ಲ. ಇಂಥ ಮಾಹಿತಿಗೆ ಪರದೆ ಹೀಗಿರಬೇಕು ಎಂದು ಬರೆದಿಟ್ಟರೆ ಸಾಕು, ಉಳಿದುದನ್ನು ಲೈಬ್ರರಿಯೇ ನೋಡಿಕೊಳ್ಳುತ್ತದೆ.

ವಿವರಣೆಗಾಗಿ ಒಂದು ಕಲ್ಪಿತ ಪರದೆಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಎಂಬ ನಾಲ್ಕು ಕಾರ್ಡ್‌ಗಳಿವೆ. ಪ್ರತಿ ಕಾರ್ಡ್‌ನಲ್ಲಿ ಊರಿನ ಹೆಸರು, ಬಾಕ್ಸ್‌ನ ದರ, ಎಷ್ಟು ಬಾಕ್ಸ್ ಎಂದು ಬರೆಯಲು ಒಂದು ಖಾಲಿ ಚೌಕ ಹಾಗೂ ಒಟ್ಟು ಮೊತ್ತ ಇರುತ್ತವೆ.

ಪ್ರಾಪ್ಸ್ ಮತ್ತು ಸ್ಟೇಟ್

ಊರಿನ ಹೆಸರು ಮತ್ತು ದರ ಕಾರ್ಡ್‌ಗೆ ಹೊರಗಿನಿಂದ, ಅಂದರೆ ಅದನ್ನು ಒಳಗೊಂಡಿರುವ ಮೇಲಿನ ಕಾಂಪೊನೆಂಟ್‌ನಿಂದ ಬರುತ್ತವೆ. ಇವು ‘ಪ್ರಾಪ್ಸ್’. ಕಾರ್ಡ್ ಇವನ್ನು ಓದಬಹುದೇ ಹೊರತು ತಿದ್ದುವಂತಿಲ್ಲ. ಬಳಕೆದಾರ ಬರೆಯುವ ಬಾಕ್ಸ್‌ಗಳ ಸಂಖ್ಯೆಯಾದರೋ ಕಾರ್ಡ್ ತಾನೇ ನೆನಪಿಟ್ಟುಕೊಳ್ಳಬೇಕಾದ ಮಾಹಿತಿ. ಇದು ‘ಸ್ಟೇಟ್’.

ಆರಂಭದ ವರ್ಷಗಳಲ್ಲಿ ಸ್ಟೇಟ್ ಬೇಕೆಂದರೆ ಕಾಂಪೊನೆಂಟನ್ನು ‘ಕ್ಲಾಸ್’ ರೂಪದಲ್ಲಿ ಬರೆಯಬೇಕಾಗಿತ್ತು. 2019ರ ಫೆಬ್ರುವರಿಯಲ್ಲಿ ಬಿಡುಗಡೆಯಾದ 16.8ನೇ ಆವೃತ್ತಿ ‘ಹುಕ್’ಗಳನ್ನು ಪರಿಚಯಿಸಿತು. ಅಂದಿನಿಂದ ‘ಯೂಸ್‌ಸ್ಟೇಟ್’ ಎಂಬ ಹುಕ್‌ನ ಮೂಲಕ ಸಾಮಾನ್ಯ ಫಂಕ್ಷನ್‌ಗಳೂ ಸ್ಟೇಟ್ ಹೊಂದಬಹುದಾಗಿದೆ. ಯೂಸ್‌ಸ್ಟೇಟ್ ಎರಡು ವಸ್ತುಗಳನ್ನು ಕೊಡುತ್ತದೆ: ಒಂದು ಈಗಿನ ಮೌಲ್ಯ, ಮತ್ತೊಂದು ಅದನ್ನು ಬದಲಿಸುವ ಫಂಕ್ಷನ್.

ನೇರ ತಿದ್ದುಪಡಿ ಸಲ್ಲದು

ಬದಲಾವಣೆ ಈ ಫಂಕ್ಷನ್‌ನ ಮೂಲಕವೇ ಆಗಬೇಕು. ದರಗಳ ಪಟ್ಟಿಯೊಳಗೆ ಕೈಹಾಕಿ ಒಂದು ಅಂಕಿಯನ್ನು ನೇರವಾಗಿ ತಿದ್ದಿದರೆ, ಬದಲಾವಣೆಯಾಗಿದೆ ಎಂಬುದು ರಿಯಾಕ್ಟ್‌ಗೆ ತಿಳಿಯುವುದಿಲ್ಲ. ತಿದ್ದಿದ ಅದೇ ಪಟ್ಟಿಯನ್ನು ಫಂಕ್ಷನ್‌ಗೆ ಕೊಟ್ಟರೂ ಫಲವಿಲ್ಲ. ಹಳೆಯ ಪಟ್ಟಿ ಮತ್ತು ಹೊಸ ಪಟ್ಟಿ ಎರಡೂ ಒಂದೇ ವಸ್ತುವೆಂದು ಕಂಡುಬಂದಲ್ಲಿ, ರಿಯಾಕ್ಟ್ ಪರದೆಯನ್ನು ಮತ್ತೆ ಬರೆಯುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಪಟ್ಟಿಯ ಪ್ರತಿಯೊಂದನ್ನು ತಯಾರಿಸಿ, ಅದರಲ್ಲಿ ಬದಲಾವಣೆ ಮಾಡಿ, ಆ ಹೊಸ ಪ್ರತಿಯನ್ನೇ ಒಪ್ಪಿಸಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಬದಲಿಸುವ ಫಂಕ್ಷನನ್ನು ಕರೆದ ಕ್ಷಣದಲ್ಲಿಯೇ ಮೌಲ್ಯ ಬದಲಾಗುವುದಿಲ್ಲ, ಪರದೆಯನ್ನು ಮುಂದಿನ ಬಾರಿ ಬರೆಯುವಾಗ ಹೊಸ ಮೌಲ್ಯ ದೊರೆಯುತ್ತದೆ. ಬಾಕ್ಸ್‌ಗಳ ಸಂಖ್ಯೆ 40 ಇರುವಾಗ ಒಂದೇ ಗುಂಡಿಯ ಕೆಲಸದಲ್ಲಿ ‘ಈಗಿರುವುದಕ್ಕೆ ಒಂದು ಕೂಡು’ ಎಂದು ಮೂರು ಬಾರಿ ಬರೆದರೆ ಉತ್ತರ 43 ಅಲ್ಲ, 41. ಮೂರೂ ಸಾಲುಗಳು ಅದೇ 40ಕ್ಕೆ ಒಂದನ್ನು ಕೂಡುತ್ತವೆ. ಹಿಂದಿನ ಮೌಲ್ಯವನ್ನು ಆಧರಿಸಿ ಲೆಕ್ಕ ಮಾಡುವ ಫಂಕ್ಷನನ್ನೇ ಕಳುಹಿಸಿದಲ್ಲಿ ಸರಿಯಾಗಿ 43 ಬರುತ್ತದೆ.

ಲೆಕ್ಕಕ್ಕೆ ಸಿಗುವುದನ್ನು ಕೂಡಿಡಬಾರದು

ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಎಂದರೆ ಒಟ್ಟು ಮೊತ್ತವನ್ನೂ ಸ್ಟೇಟ್ ಆಗಿ ಇಟ್ಟುಕೊಳ್ಳುವುದು. ಬಾಕ್ಸ್‌ಗೆ 600 ರೂಪಾಯಿಯಂತೆ 40 ಬಾಕ್ಸ್‌ಗೆ 24,000 ರೂಪಾಯಿ ಎಂದು ಬರೆದಿಟ್ಟಾಯಿತು ಎನ್ನೋಣ. ಅರ್ಧ ಗಂಟೆಯ ಬಳಿಕ ದರ 550ಕ್ಕೆ ಇಳಿಯುತ್ತದೆ. ದರದ ಅಂಕಿ ಬದಲಾಗುತ್ತದೆ, ಕೂಡಿಟ್ಟ ಮೊತ್ತ ಮಾತ್ರ 24,000ದಲ್ಲಿಯೇ ನಿಂತಿರುತ್ತದೆ. ನಿಜವಾದ ಮೊತ್ತ 22,000. ವಾಹನದ ಬಾಡಿಗೆ ಮಾತನಾಡಿಕೊಂಡು ಹೊರಟವನಿಗೆ 2,000 ರೂಪಾಯಿಯ ವ್ಯತ್ಯಾಸ ಸಣ್ಣದಲ್ಲ.

ದರ ಮತ್ತು ಸಂಖ್ಯೆ ಎರಡೂ ಕೈಯಲ್ಲಿರುವಾಗ ಮೊತ್ತವನ್ನು ಪ್ರತಿ ಬಾರಿಯೂ ಗುಣಿಸಿ ತೋರಿಸುವುದೇ ಸರಿಯಾದ ಕ್ರಮ. ವಿಂಗಡಿಸಿದ ಪಟ್ಟಿ, ಹುಡುಕಾಟದ ಫಲಿತಾಂಶ, ಅತಿ ಹೆಚ್ಚಿನ ದರ ಇವೆಲ್ಲವೂ ಇದೇ ವರ್ಗಕ್ಕೆ ಸೇರುತ್ತವೆ.

ಮೇಲಕ್ಕೆ ಏರಿಸುವುದು

ನಾಲ್ಕೂ ಊರುಗಳ ಒಟ್ಟು ಬಾಕ್ಸ್‌ಗಳನ್ನು ಪುಟದ ಕೊನೆಯಲ್ಲಿ ತೋರಿಸಬೇಕಾದರೆ ಏನು ಮಾಡಬೇಕು? ಒಂದು ಕಾರ್ಡ್‌ನ ಸ್ಟೇಟ್ ಪಕ್ಕದ ಕಾರ್ಡ್‌ಗೆ ಕಾಣಿಸುವುದಿಲ್ಲ. ಪ್ರತಿಯೊಂದರ ನಕಲನ್ನು ಎರಡೆರಡು ಕಡೆ ಇಟ್ಟರೆ, ಒಂದಲ್ಲ ಒಂದು ದಿನ ನಕಲು ಅಸಲಿಗೆ ಹೊಂದುವುದಿಲ್ಲ. ಇದಕ್ಕೆ ರಿಯಾಕ್ಟ್ ಸೂಚಿಸುವ ಪರಿಹಾರ, ಸ್ಟೇಟನ್ನು ಎಲ್ಲ ಕಾರ್ಡ್‌ಗಳಿಗೂ ಸಮಾನವಾದ ಮೇಲಿನ ಕಾಂಪೊನೆಂಟ್‌ಗೆ ಏರಿಸುವುದು. ಅಲ್ಲಿಂದ ಮೌಲ್ಯವೂ, ಅದನ್ನು ಬದಲಿಸುವ ಫಂಕ್ಷನ್ನೂ ಪ್ರಾಪ್ಸ್ ಆಗಿ ಕೆಳಗಿಳಿಯುತ್ತವೆ. ಮಾಹಿತಿ ಒಂದೇ ಕಡೆ ಇರುತ್ತದೆ, ನೋಡುವವರು ಹಲವರಿರುತ್ತಾರೆ.

ಊರು ಬದಲಾದರೂ ಅಂಕಿ ಬದಲಾಗದಿದ್ದಾಗ

ಪಟ್ಟಿಯ ಪ್ರತಿ ಸಾಲಿಗೂ ರಿಯಾಕ್ಟ್ ‘ಕೀ’ ಎಂಬ ಗುರುತನ್ನು ಕೇಳುತ್ತದೆ. ಸುಲಭವೆಂದು ಹಲವರು ಸಾಲಿನ ಕ್ರಮಸಂಖ್ಯೆಯನ್ನೇ ಕೊಟ್ಟುಬಿಡುತ್ತಾರೆ. ಅಕಾರಾದಿಯಲ್ಲಿ ಮುಳಬಾಗಿಲು ಮೂರನೆಯದು. ಸಂಖ್ಯೆ ಇನ್ನೂ ಕಾರ್ಡ್‌ನ ಒಳಗೇ ಇದೆ, ಬಳಕೆದಾರ ಮುಳಬಾಗಿಲಿನ ಚೌಕದಲ್ಲಿ 40 ಎಂದು ಬರೆದಿದ್ದಾನೆ ಎಂದುಕೊಳ್ಳೋಣ. ಬಳಿಕ ಪಟ್ಟಿಯನ್ನು ದರದ ಪ್ರಕಾರ ಜೋಡಿಸಿದಾಗ ಮುಳಬಾಗಿಲು ಮೊದಲ ಸ್ಥಾನಕ್ಕೆ, ಮಾಲೂರು ಮೂರನೆಯ ಸ್ಥಾನಕ್ಕೆ ಬರುತ್ತವೆ. ಆದರೆ 40 ಮೂರನೆಯ ಸ್ಥಾನದಲ್ಲಿಯೇ ಉಳಿದು ಈಗ ಮಾಲೂರಿನ ಹೆಸರಿನಡಿ ಕಾಣಿಸುತ್ತದೆ. ರಿಯಾಕ್ಟ್ ನೆನಪನ್ನು ಕಟ್ಟಿಹಾಕಿದ್ದು ಊರಿಗಲ್ಲ, ಕ್ರಮಸಂಖ್ಯೆಗೆ. ಕ್ರಮಸಂಖ್ಯೆಯ ಬದಲು ಪ್ರತಿ ಮಾರುಕಟ್ಟೆಗೂ ಬದಲಾಗದ ಸಂಕೇತವೊಂದನ್ನು ಕೀ ಆಗಿ ಕೊಟ್ಟರೆ ಈ ದೋಷ ನಿವಾರಣೆಯಾಗುತ್ತದೆ.

ಅಪ್ಲಿಕೇಷನ್ ಬೆಳೆದಂತೆ

ಘಟಕಗಳು ನೂರಾರು ಆದಾಗ ಸ್ಟೇಟನ್ನು ಹಂತ ಹಂತವಾಗಿ ಕೆಳಗಿಳಿಸುವುದು ಕಷ್ಟ. ಆಗ ‘ಕಾಂಟೆಕ್ಸ್ಟ್’ ಸೌಲಭ್ಯ ನೆರವಿಗೆ ಬರುತ್ತದೆ. ಬದಲಾವಣೆಯ ನಿಯಮಗಳು ಹೆಚ್ಚಾದಾಗ ಅವೆಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿ ಬರೆಯಲು ‘ಯೂಸ್‌ರೆಡ್ಯೂಸರ್’ ಇದೆ. 2015ರಲ್ಲಿ ಬಂದ ‘ರೆಡಕ್ಸ್’ ಇಡೀ ಅಪ್ಲಿಕೇಷನ್‌ಗೆ ಒಂದೇ ಉಗ್ರಾಣ ಎಂಬ ತತ್ವವನ್ನು ಜನಪ್ರಿಯಗೊಳಿಸಿತು.

ಈ ಶಿಸ್ತಿನ ಹಿಂದೆ ಫೇಸ್‌ಬುಕ್‌ನದೇ ಅನುಭವವಿದೆ. ಓದದ ಸಂದೇಶಗಳ ಸಂಖ್ಯೆಯನ್ನು ತೋರಿಸುವ ಗುರುತು, ಸಂದೇಶಗಳೇ ಇಲ್ಲದಿದ್ದರೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸರಿಪಡಿಸಿದಷ್ಟೂ ಮರಳುತ್ತಿದ್ದ ಈ ದೋಷವನ್ನು ಸಂಸ್ಥೆಯ ಎಂಜಿನಿಯರ್‌ಗಳು 2014ರಲ್ಲಿ ಬಹಿರಂಗವಾಗಿ ವಿವರಿಸಿ, ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಬೇಕೆಂಬ ‘ಫ್ಲಕ್ಸ್’ ವಿನ್ಯಾಸವನ್ನು ಮುಂದಿಟ್ಟಿದ್ದರು.

ನೆನಪಿನ ಮಿತಿ

ಕಾಂಪೊನೆಂಟ್‌ನ ಸ್ಟೇಟ್ ಶಾಶ್ವತವಲ್ಲ. ಪುಟವನ್ನು ರಿಫ್ರೆಶ್ ಮಾಡಿದರೆ ಅದು ಅಳಿಸಿಹೋಗುತ್ತದೆ. ಉಳಿಯಬೇಕಾದುದನ್ನು ಪುಟದ ವಿಳಾಸದಲ್ಲಿ, ಬ್ರೌಸರ್‌ನ ಸಂಗ್ರಹದಲ್ಲಿ ಅಥವಾ ಸರ್ವರ್‌ನಲ್ಲಿ ಇಡಬೇಕಾಗುತ್ತದೆ.

ಸರ್ವರ್‌ನಿಂದ ಬಂದ ದರವಂತೂ ಪರದೆಯ ಸ್ವತ್ತೇ ಅಲ್ಲ, ಅದು ಎರವಲು ಪಡೆದ ಪ್ರತಿ ಮಾತ್ರ. ನೆಟ್‌ವರ್ಕ್ ನಿಧಾನವಿರುವ ಹಳ್ಳಿಯಲ್ಲಿ ಬಳಕೆದಾರ ಮೊದಲು ಟೊಮೆಟೊ ಒತ್ತಿ, ಕೂಡಲೇ ಮಾವು ಒತ್ತಿದರೆ, ಟೊಮೆಟೊ ಉತ್ತರ ತಡವಾಗಿ ಬಂದು ಮಾವಿನ ಹೆಸರಿನಡಿ ಕುಳಿತುಬಿಡುವ ಸಂಭವವಿದೆ. ಬೆಳೆ ಬದಲಾದೊಡನೆ ಹಿಂದಿನ ಕೋರಿಕೆಯ ಉತ್ತರವನ್ನು ತಿರಸ್ಕರಿಸುವ ವ್ಯವಸ್ಥೆ ಪ್ರೋಗ್ರಾಮ್‌ನಲ್ಲಿ ಇರಲೇಬೇಕು. ದರದ ಪಕ್ಕದಲ್ಲಿ ಅದು ಎಷ್ಟು ಹೊತ್ತಿಗೆ ಬಂದದ್ದೆಂದು ನಮೂದಿಸುವುದೂ ಒಳ್ಳೆಯ ರೂಢಿ.

ರಿಯಾಕ್ಟ್‌ನ ಆವೃತ್ತಿಗಳು ಬದಲಾಗುತ್ತಲೇ ಇವೆ. 2022ರ ಮಾರ್ಚ್‌ನಲ್ಲಿ 18ನೆಯದು, 2024ರ ಡಿಸೆಂಬರ್‌ನಲ್ಲಿ 19ನೆಯದು ಬಿಡುಗಡೆಯಾದವು. ಆದರೆ ಸ್ಟೇಟ್ ನಿರ್ವಹಣೆಯ ಮೂಲ ಪ್ರಶ್ನೆಗಳು ಬದಲಾಗಿಲ್ಲ: ಈ ಮಾಹಿತಿಯನ್ನು ನಿಜವಾಗಿಯೂ ನೆನಪಿಡಬೇಕೇ? ಇಡುವುದಾದರೆ ಅದರ ಒಡೆಯ ಯಾರು? ಈ ಎರಡಕ್ಕೂ ಮೊದಲೇ ಉತ್ತರ ಕಂಡುಕೊಂಡ ಪರದೆ, ಹರಾಜಿನ ದರ ಎಷ್ಟು ಬಾರಿ ಬದಲಾದರೂ ನಂಬಿಕೆಗೆ ಅರ್ಹವಾಗಿರುತ್ತದೆ.